ಡೀಲರ್ ರಿಪೇರಿ ಮಾಡಿಕೊಟ್ಟ ಮೇಲೆ ಕಾರಿನಲ್ಲಿ ಹೊಸ ತೊಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ರಿಪೇರಿಗೆಂದು ಕಾರನ್ನು ಡೀಲರ್ ಹತ್ತಿರ ಬಿಡುತ್ತೀರಿ. ವಾಪಸ್ ಬಂದಾಗ ಹಳೆಯ ತೊಂದರೆ ಹೋಗಿರುತ್ತದೆ, ಆದರೆ ಹೊಸದೊಂದು ಶುರುವಾಗಿರುತ್ತದೆ. ಎಲ್ಲೋ ಒಂದು ಸದ್ದು, ಮೀಟರ್‌ನಲ್ಲಿ ಒಂದು ದೀಪ, ಸ್ಟೀರಿಂಗ್‌ನಲ್ಲಿ ಸಣ್ಣ ನಡುಕ. ಕಾರು ಹೊಸದಾಗಿದ್ದರೆ ಹೊಟ್ಟೆಯುರಿ ಇನ್ನೂ ಜಾಸ್ತಿ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ ಮತ್ತೆ ಮತ್ತೆ ಬರುತ್ತವೆ: ರಿಪೇರಿ ಮಾಡುವಾಗ ಅವರು ಏನೇನು ಬಿಚ್ಚಿದರು?

ಹೊಸ ತೊಂದರೆ ಕಂಡ ಕೂಡಲೇ ಏನು ಮಾಡಬೇಕು?

ಗಾಡಿ ಓಡಿಸಬಹುದೋ ಇಲ್ಲವೋ ಅನ್ನುವುದನ್ನು ಮೊದಲು ತೀರ್ಮಾನಿಸಿ. ಜಗಳ, ಬಿಲ್ಲು, ವಾರಂಟಿ ಎಲ್ಲ ಆಮೇಲೆ.

ಆಯಿಲ್ ಕ್ಯಾನ್ ಚಿತ್ರದ ಕೆಂಪು ದೀಪ ಹತ್ತಿದರೆ ಅಥವಾ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಬ್ರೇಕ್ ಪೆಡಲ್ ಮೆತ್ತಗೆ ಕೆಳಗಿಳಿದರೆ, ಚಕ್ರದ ಕಡೆಯಿಂದ ನಡುಕದ ಜೊತೆ ಟಕಟಕ ಸದ್ದು ಬಂದರೆ, ಸ್ಟೀರಿಂಗ್ ಸಡಿಲ ಅನ್ನಿಸಿದರೆ, ಒಳಗೆ ಪೆಟ್ರೋಲ್ ವಾಸನೆ ಬಂದರೆ ಕೂಡ ಅಷ್ಟೇ. ಆಮೇಲೆ ಡೀಲರ್‌ಗೆ ಫೋನ್ ಮಾಡಿ, ಟೋ ಮಾಡಿಸಲು ಹೇಳಿ. "ನಿಧಾನಕ್ಕೆ ಓಡಿಸಿಕೊಂಡು ಬಂದುಬಿಡಿ ಸರ್" ಅನ್ನುತ್ತಾರೆ. ಒಪ್ಪಬೇಡಿ. ಆಯಿಲ್ ಒತ್ತಡ ಇಲ್ಲದೆ ಓಡಿದ ಎಂಜಿನ್ ಕೆಲವೇ ನಿಮಿಷಗಳಲ್ಲಿ ಜಾಮ್ ಆಗಬಹುದು. ಆಗ "ದೀಪ ನೋಡಿಯೂ ಓಡಿಸಿದ್ದು ನೀವೇ ಅಲ್ವಾ" ಎಂಬ ಮಾತು ಕೇಳಬೇಕಾಗುತ್ತದೆ.

ಹಳದಿ ಬಣ್ಣದ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದು, ಗಾಡಿ ಸರಿಯಾಗಿಯೇ ಓಡುತ್ತಿದ್ದರೆ ಸರ್ವೀಸ್ ಸೆಂಟರ್ ತನಕ ಹೋಗಬಹುದು. ಅದೇ ದೀಪ ಮಿಟುಕುತ್ತಿದ್ದರೆ ಹಾಗಲ್ಲ. ಯಾವುದೋ ಸಿಲಿಂಡರ್‌ನಲ್ಲಿ ಮಿಸ್‌ಫೈರ್ ಆಗುತ್ತಿದೆ ಎಂದು ಅರ್ಥ. ಉರಿಯದ ಪೆಟ್ರೋಲ್ ಎಕ್ಸಾಸ್ಟ್‌ಗೆ ಹೋಗಿ, ಅಲ್ಲಿ ಉರಿದು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ.

ಸುರಕ್ಷಿತವಾಗಿ ನಿಂತ ಮೇಲೆ ಮೀಟರ್‌ನ ಫೋಟೋ ತೆಗೆಯಿರಿ. ಅದರಲ್ಲಿ ದೀಪವೂ ಓಡೋಮೀಟರ್ ಓದುವಿಕೆಯೂ ಕಾಣಬೇಕು. ಸದ್ದಾದರೆ ವಿಡಿಯೊ ಮಾಡಿ. ಅದೇ ದಿನ ಡೀಲರ್‌ಗೆ ಬರಹದಲ್ಲಿ ತಿಳಿಸಿ. ಫೋನಿನಲ್ಲಿ ಹೇಳಿದ್ದು ಹದಿನೈದು ದಿನದ ನಂತರ ಯಾರಿಗೂ ನೆನಪಿರುವುದಿಲ್ಲ.

ಇದು ಅವರ ಕೆಲಸದಿಂದಲೇ ಆಗಿದ್ದೋ, ಕಾಕತಾಳೀಯವಾಗಿ ಬಂದಿದ್ದೋ? ಹೇಗೆ ಗೊತ್ತಾಗುತ್ತದೆ?

ಜಾಬ್ ಕಾರ್ಡ್ ಮತ್ತು ಬಿಲ್ ಎದುರಿಗೆ ಇಟ್ಟುಕೊಳ್ಳಿ. ಅಲ್ಲಿ ಬರೆದಿರುವುದು ಬದಲಿಸಿದ ಭಾಗ ಮಾತ್ರ. ಆ ಭಾಗದ ತನಕ ಕೈ ಹೋಗಲು ಏನೇನು ಬಿಚ್ಚಬೇಕಾಯಿತು ಎಂದು ಬರೆದಿರುವುದಿಲ್ಲ. ಗುಟ್ಟು ಇರುವುದು ಅಲ್ಲೇ.

ಎಸಿ ಫಿಲ್ಟರ್ ಬದಲಿಸಲು ಎಷ್ಟೋ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಬಿಚ್ಚುತ್ತಾರೆ. ಹಾಗಾಗಿ ಡ್ಯಾಶ್‌ಬೋರ್ಡ್‌ನ ಆ ಮೂಲೆಯಿಂದ ಕಿರಿಕಿರಿ ಸದ್ದು ಬಂದರೆ ಆಶ್ಚರ್ಯವಿಲ್ಲ. ಕೆಲವು ಕಾರುಗಳಲ್ಲಿ ಹೆಡ್‌ಲೈಟ್ ಬದಲಿಸಲು ಬಂಪರನ್ನೇ ಕಳಚಬೇಕು. ಕ್ಲಚ್ ಕೆಲಸವೆಂದರೆ ಗೇರ್‌ಬಾಕ್ಸ್ ಕೆಳಗಿಳಿಯುತ್ತದೆ, ಡ್ರೈವ್ ಶಾಫ್ಟ್ ಹೊರಬರುತ್ತದೆ, ಕೆಲವೊಮ್ಮೆ ಎಂಜಿನ್ ಕೆಳಗಿನ ಸಬ್‌ಫ್ರೇಮ್ ಕೂಡ ಸಡಿಲಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಸ್ಟೀರಿಂಗ್ ಒಂದು ಕಡೆ ವಾಲಿದರೆ, ಶಾಫ್ಟ್ ಸೀಲ್‌ನಿಂದ ಆಯಿಲ್ ಜಿನುಗಿದರೆ, ಗೇರ್ ಬೀಳಲು ತಡೆದರೆ ಕೊಂಡಿ ಸಿಕ್ಕ ಹಾಗೆ. ಫ್ಯೂಯಲ್ ಪಂಪ್ ಬಹಳ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗಿರುತ್ತದೆ. ಅದನ್ನು ಮುಟ್ಟಿದ ಮೇಲೆ ಒಳಗೆ ಪೆಟ್ರೋಲ್ ವಾಸನೆ ಬಂದರೆ ಬೇರೆಲ್ಲೂ ಹುಡುಕುವುದು ಬೇಡ, ಅಲ್ಲಿನ ಸೀಲ್ ನೋಡಿಸಿ.

ಹಾಗೆಂದು ಎಲ್ಲವನ್ನೂ ಅವರ ತಲೆಗೆ ಕಟ್ಟಲು ಬರುವುದಿಲ್ಲ. ಬ್ರೇಕ್ ಪ್ಯಾಡ್ ಬದಲಿಸಿದ ವಾರಕ್ಕೆ ಹಿಂದಿನ ಕಿಟಕಿಯ ಮೋಟರ್ ಕೆಟ್ಟರೆ ಎರಡಕ್ಕೂ ಸಂಬಂಧ ಇರುವುದು ಕಷ್ಟ. ಇವೆರಡರ ನಡುವೆ ಇನ್ನೊಂದು ಬಗೆ ಇದೆ. ಬಿಸಿಲು, ಎಂಜಿನ್ ಶಾಖ ತಿಂದು ಗಟ್ಟಿಯಾದ ಹಳೆಯ ಪ್ಲಾಸ್ಟಿಕ್ ಕ್ಲಿಪ್ ಬಿಚ್ಚುವಾಗ ಮುರಿಯುತ್ತದೆ. ತುಕ್ಕು ಹಿಡಿದ ಬೋಲ್ಟ್ ತುಂಡಾಗುತ್ತದೆ. ಇದನ್ನು ಪೂರ್ತಿ ಅಜಾಗರೂಕತೆ ಅನ್ನಲು ಆಗದು. ಆದರೆ ಮುರಿದದ್ದನ್ನು ಹೇಳದೆ ಕಳಿಸಿದರೆ ಅದು ತಪ್ಪೇ.

ಸಮಯವೂ ಒಂದು ಸುಳಿವು. ಗೇಟಿನಿಂದ ಹೊರಬಂದ ದಿನವೇ ಕಂಡರೆ ಅನುಮಾನ ಗಟ್ಟಿ. ಮೂರು ತಿಂಗಳಾದರೆ ಸಡಿಲ. ಸಣ್ಣ ಸೋರಿಕೆ, ಒಂದೇ ಕಡೆ ಸವೆಯುವ ಟೈರ್ ಇಂಥವು ಮಾತ್ರ ತಡವಾಗಿಯೇ ಕಣ್ಣಿಗೆ ಬೀಳುತ್ತವೆ.

ಬ್ಯಾಟರಿ ಬಿಚ್ಚಿ ಹಾಕಿದ್ದಾರಂತೆ. ಈಗ ಗಡಿಯಾರ, ಕಿಟಕಿ, ಐಡ್ಲಿಂಗ್ ಎಲ್ಲ ಏರುಪೇರು. ಕೆಟ್ಟಿದೆಯೇ?

ಹೆಚ್ಚಿನ ಸಲ ಇಲ್ಲ. ಬ್ಯಾಟರಿ ಸಂಪರ್ಕ ತಪ್ಪಿದರೆ ಕಾರು ಕಲಿತಿದ್ದ ಕೆಲವು ವಿಷಯ ಮರೆತುಬಿಡುತ್ತದೆ. ಗಡಿಯಾರ, ರೇಡಿಯೊ ಸ್ಟೇಷನ್ ಹೋಗುತ್ತವೆ. ಒಂದೇ ಒತ್ತಿಗೆ ಪೂರ್ತಿ ಮೇಲೇರುತ್ತಿದ್ದ ಕಿಟಕಿ ಅರ್ಧಕ್ಕೆ ನಿಲ್ಲುತ್ತದೆ. ಸ್ಟೀರಿಂಗ್ ಸೆನ್ಸರ್ ತನ್ನ ನಡುಬಿಂದು ಮರೆತು ಟ್ರಾಕ್ಷನ್ (ಚಕ್ರ ಜಾರದಂತೆ ತಡೆಯುವ ವ್ಯವಸ್ಥೆಯ) ದೀಪ ಹತ್ತಬಹುದು. ಐಡ್ಲಿಂಗ್, ಅಂದರೆ ನಿಂತಲ್ಲೇ ಎಂಜಿನ್ ಓಡುವ ವೇಗ, ಸ್ವಲ್ಪ ಏರಿಳಿಯಬಹುದು. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನನ್ನು ತಾನೇ ಆಫ್ ಮಾಡುವ ಸ್ಟಾರ್ಟ್ ಸ್ಟಾಪ್ ಕೆಲವು ಸಮಯ ಕೆಲಸ ಮಾಡದೆ ಇರಬಹುದು.

ಕಿಟಕಿಗೆ ಸಾಮಾನ್ಯವಾಗಿ ಪೂರ್ತಿ ಮೇಲೇರಿಸಿ, ಬಟನ್ ಕೆಲವು ಸೆಕೆಂಡ್ ಹಾಗೇ ಹಿಡಿದರೆ ಸಾಕು. ನಿಮ್ಮ ಕಾರಿನ ಸರಿಯಾದ ವಿಧಾನ ಮ್ಯಾನ್ಯುವಲ್‌ನಲ್ಲಿ ಇರುತ್ತದೆ. ಐಡ್ಲಿಂಗ್ ಸ್ವಲ್ಪ ಓಡಿಸಿದ ಮೇಲೆ ತಾನೇ ಕೂರುತ್ತದೆ. ಕೆಲವು ದಿನ ಓಡಿಸಿದ ಮೇಲೂ ಹೀಗೇ ಇದ್ದರೆ ಸ್ಕ್ಯಾನರ್ ಹಾಕಿ ಕಲಿಸಬೇಕು. ಅದು ಅವರ ಕೆಲಸದ ಮುಂದುವರಿಕೆ, ಹೊಸ ಬಿಲ್ಲಲ್ಲ.

ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ. ಮೊದಲು ಹೀಗಿರಲಿಲ್ಲ.

ಬ್ಯಾಟರಿ ಟರ್ಮಿನಲ್ ಕೈಯಲ್ಲಿ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಉತ್ತರ ಅಲ್ಲೇ ಇದೆ.

ಗಟ್ಟಿಯಾಗಿದ್ದರೆ ಅಳೆಯಬೇಕು. ಕೆಲವು ಗಂಟೆ ನಿಂತ ಕಾರಿನಲ್ಲಿ ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7ರ ನಡುವೆ ಇರುತ್ತದೆ. ಓಡುವಾಗಲೂ 12ರ ಹತ್ತಿರವೇ ನಿಂತರೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ತೊಂದರೆ. ಇವೆರಡೂ ಸರಿ ಇದ್ದು ಬ್ಯಾಟರಿ ಇಳಿಯುತ್ತಿದ್ದರೆ, ಕಾರು ಲಾಕ್ ಆದ ಮೇಲೂ ಏನೋ ಕರೆಂಟ್ ಎಳೆಯುತ್ತಿದೆ. ಎಲ್ಲ ಮಾಡ್ಯೂಲ್‌ಗಳು, ಅಂದರೆ ಕಾರಿನೊಳಗಿನ ಸಣ್ಣ ಕಂಪ್ಯೂಟರ್‌ಗಳು, ಮಲಗಿದ ಮೇಲೆ ಸಾಮಾನ್ಯ ಎಳೆತ 50 ಮಿಲಿಆಂಪ್ ಒಳಗೆ ಇರಬೇಕು. ಅವು ಮಲಗಲು ಕೆಲವು ಕಾರುಗಳಲ್ಲಿ ಅರ್ಧ ಗಂಟೆಯೂ ಆಗುತ್ತದೆ. ಹಾಗಾಗಿ ಲಾಕ್ ಮಾಡಿದ ತಕ್ಷಣ ಅಳೆದು "ಜಾಸ್ತಿ ಇದೆ" ಅಥವಾ "ಸರಿ ಇದೆ" ಅನ್ನುವ ಪರೀಕ್ಷೆಗೆ ಬೆಲೆ ಇಲ್ಲ.

ಹೊಸದಾಗಿ ಸ್ಟೀರಿಯೊ, ಡ್ಯಾಶ್‌ಕ್ಯಾಮ್, ಟ್ರ್ಯಾಕರ್ ಹಾಕಿಸಿದ್ದರೆ ಮೊದಲ ಅನುಮಾನ ಅವುಗಳ ಮೇಲೆ. ಬ್ಯಾಟರಿಯನ್ನೇ ಬದಲಿಸಿದ್ದರೆ ಅದರ ಬಗೆ ನೋಡಿ. ಸ್ಟಾರ್ಟ್ ಸ್ಟಾಪ್ ಇರುವ ಕಾರಿಗೆ ಮಾಮೂಲಿ ಬ್ಯಾಟರಿ ಹಾಕಿದರೆ ಬೇಗ ಸೋಲುತ್ತದೆ.

ಎಂಜಿನ್ ದೀಪ ಹತ್ತಿತ್ತು. ಅವರು ಸ್ಕ್ಯಾನರ್ ಹಾಕಿ ಅಳಿಸಿ ಕೊಟ್ಟರು. ಮತ್ತೆ ಹತ್ತಿದೆ.

ದೀಪ ಅಳಿಸುವುದು ರಿಪೇರಿ ಅಲ್ಲ. ಇದನ್ನು ಖಡಾಖಂಡಿತವಾಗಿ ಹೇಳಿ.

ಸ್ಕ್ಯಾನರ್ ಸಿಕ್ಕಿಸುವ 16 ಪಿನ್‌ನ ಓಬಿಡಿ ಸಾಕೆಟ್ ಸ್ಟೀರಿಂಗ್ ಕೆಳಗೆ ಅಥವಾ ಅದರ ಆಸುಪಾಸಿನಲ್ಲಿ ಇರುತ್ತದೆ. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಇದು ಕಡ್ಡಾಯವಾಯಿತು, ಆಮೇಲೆ ಜಗತ್ತಿನ ಬಹುಪಾಲು ಕಾರುಗಳಿಗೆ ಬಂತು. ಸ್ಕ್ಯಾನರ್ ತೋರಿಸುವ ದೋಷದ ಕೋಡ್‌ನ ಮೊದಲ ಅಕ್ಷರ ತೊಂದರೆಯ ಜಾಗ ಹೇಳುತ್ತದೆ. ಪಿ ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ಸಿ ಅಂದರೆ ಬ್ರೇಕ್, ಸ್ಟೀರಿಂಗ್ ಕಡೆ, ಬಿ ಅಂದರೆ ಬಾಡಿ, ಯು ಅಂದರೆ ಮಾಡ್ಯೂಲ್‌ಗಳ ನಡುವಿನ ಮಾತುಕತೆ. ಪಿ0300 ಎಂದರೆ ಮಿಸ್‌ಫೈರ್. ಪಿ0171 ಎಂದರೆ ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ.

ರಿಪೇರಿ ನಂತರ ಈ ಪಿ0171 ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಏರ್ ಫಿಲ್ಟರ್ ಡಬ್ಬಿಯಿಂದ ಎಂಜಿನ್‌ಗೆ ಹೋಗುವ ಪೈಪುಗಳ ಕಡೆಗೆ. ದಪ್ಪ ರಬ್ಬರ್ ಪೈಪಿನ ಕ್ಲಾಂಪ್ ಸಡಿಲ ಇರಬಹುದು. ಸಣ್ಣ ವ್ಯಾಕ್ಯೂಮ್ ಪೈಪ್ ಜಾರಿರಬಹುದು. ಸೆನ್ಸರ್ ಅಳೆಯದ ಗಾಳಿ ಆ ಸಂದಿನಿಂದ ಒಳಗೆ ನುಗ್ಗುತ್ತದೆ. ಸ್ಪಾರ್ಕ್ ಪ್ಲಗ್ ಬದಲಿಸಿದ ಮೇಲೆ ಮಿಸ್‌ಫೈರ್ ಬಂದರೆ ಕಾಯಿಲ್‌ನ ಕನೆಕ್ಟರ್ ಪೂರ್ತಿ ಕೂತಿದೆಯೇ, ಪ್ಲಗ್‌ನ ಪಿಂಗಾಣಿ ಬಿರುಕು ಬಿಟ್ಟಿದೆಯೇ ಎಂದು ನೋಡಿಸಿ.

ಕೋಡ್ ಅಳಿಸುವ ಮೊದಲು ಅದರ ಸಂಖ್ಯೆ ಬರೆದುಕೊಡಲು ಕೇಳಿ. ಕೋಡ್ ಬಂದ ಗಳಿಗೆಯಲ್ಲಿ ವೇಗ, ಆರ್‌ಪಿಎಂ, ಎಂಜಿನ್ ಬಿಸಿ ಎಷ್ಟಿತ್ತು ಅನ್ನುವ ದಾಖಲೆಯೂ ಒಳಗಿರುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಅಳಿಸಿದರೆ ಅದೂ ಹೋಗುತ್ತದೆ, ಹುಡುಕಾಟ ಮತ್ತೆ ಸೊನ್ನೆಯಿಂದ.

ಬ್ರೇಕ್ ಕೆಲಸದ ನಂತರ ಸದ್ದು ಬರುತ್ತಿದೆ, ಹಿಡಿತವೂ ಕಡಿಮೆ ಅನ್ನಿಸುತ್ತಿದೆ. ಕಾಯಬಹುದೇ?

ಸದ್ದಿಗೆ ಸ್ವಲ್ಪ ಕಾಯಬಹುದು, ಪೆಡಲ್‌ಗೆ ಕಾಯಬಾರದು.

ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲು ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಬೇಕು. ಅಲ್ಲಿಯವರೆಗೆ ಹಿಡಿತ ತುಸು ಕಡಿಮೆ, ಸ್ವಲ್ಪ ಸುಟ್ಟ ವಾಸನೆ, ಆಗಾಗ ಸಣ್ಣ ಕೀರಲು ಸದ್ದು ಇರಬಹುದು. ಪೆಡಲ್ ಮಾತ್ರ ಮೊದಲಿನಷ್ಟೇ ಗಟ್ಟಿ ಇರಬೇಕು. ಮೆತ್ತಗಿದ್ದು, ಎರಡು ಮೂರು ಸಲ ಒತ್ತಿದಾಗ ಮೇಲೆ ಬರುತ್ತಿದ್ದರೆ ಲೈನಿನಲ್ಲಿ ಗಾಳಿ ಉಳಿದಿರುವ ಅನುಮಾನ. ಒಂದೇ ಸಮ ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ ಅಥವಾ ಪೆಡಲ್‌ನ ಒತ್ತಡವನ್ನು ಬ್ರೇಕ್ ಲೈನಿಗೆ ಕೊಡುವ ಮಾಸ್ಟರ್ ಸಿಲಿಂಡರ್ ಸೋತಿದೆ. ಎರಡರಲ್ಲೂ ಕಾರು ಓಡಿಸಬೇಡಿ.

ಬ್ರೇಕ್ ಒತ್ತದೆ ಇದ್ದಾಗಲೂ ಚಕ್ರ ಸುತ್ತಿದ ಹಾಗೆಲ್ಲ ತಗಡು ಉಜ್ಜುವ ಸದ್ದು ಬಂದರೆ, ಡಿಸ್ಕ್ ಹಿಂದಿನ ತೆಳ್ಳನೆ ತಗಡು ಬಾಗಿರಬಹುದು. ಹಾಗಿದ್ದರೆ ಐದು ನಿಮಿಷದ ಕೆಲಸ. ಒಂದು ಚಕ್ರ ಮಾತ್ರ ಕಾದ ಹಂಚಿನಂತೆ ಬಿಸಿಯಾದರೆ, ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಹಿಡಿದುಕೊಂಡಿದೆ. ಬಟನ್ ಹ್ಯಾಂಡ್‌ಬ್ರೇಕ್ ಇರುವ ಕಾರುಗಳಲ್ಲಿ ಹಿಂದಿನ ಪ್ಯಾಡ್ ಬದಲಿಸಲು ಸಾಮಾನ್ಯವಾಗಿ ಮೋಟರನ್ನು ಸರ್ವೀಸ್ ಮೋಡ್‌ಗೆ ಹಾಕಬೇಕು. ಅದನ್ನು ಬಿಟ್ಟು ಬಲವಂತ ಮಾಡಿದ್ದರೆ ಹ್ಯಾಂಡ್‌ಬ್ರೇಕ್ ದೀಪ ಹತ್ತುತ್ತದೆ.

ಸ್ಟೀರಿಂಗ್ ನಡುಗುತ್ತಿದೆ, ಕಾರು ಒಂದು ಕಡೆ ಎಳೆಯುತ್ತಿದೆ.

ಚಕ್ರ ಬಿಚ್ಚಿದ್ದರೆ ಮೊದಲು ನಟ್ ನೋಡಿ. ಸಡಿಲ ಚಕ್ರದ ಸುದ್ದಿ ತಮಾಷೆಯಲ್ಲ. ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿಯಬೇಕು. ಎಷ್ಟು ಎಂಬ ಲೆಕ್ಕ ಮ್ಯಾನ್ಯುವಲ್‌ನಲ್ಲಿದೆ. ಸಣ್ಣ ಕಾರುಗಳಲ್ಲಿ ಸುಮಾರು 100 ನ್ಯೂಟನ್ ಮೀಟರ್ ಆಸುಪಾಸು, ದೊಡ್ಡವುಗಳಲ್ಲಿ ಇನ್ನೂ ಜಾಸ್ತಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿಸುವುದು ಒಳ್ಳೆಯದು. ಏರ್ ಗನ್‌ನಲ್ಲಿ ಮನಸ್ಸಿಗೆ ಬಂದ ಹಾಗೆ ಬಿಗಿದರೂ ತೊಂದರೆಯೇ. ಒಂದೊಂದು ನಟ್ ಒಂದೊಂದು ಬಿಗಿಯಾದರೆ ಡಿಸ್ಕ್ ನೇರವಾಗಿ ಕೂರುವುದಿಲ್ಲ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಬ್ರೇಕ್ ಹಾಕಿದಾಗ ನಡುಕ ಶುರುವಾಗುತ್ತದೆ.

ನಟ್ ಸರಿ ಇದ್ದರೆ ನಡುಕದ ಸ್ವಭಾವ ನೋಡಿ. 80ರಿಂದ 110 ಕಿಲೋಮೀಟರ್ ವೇಗದ ನಡುವೆ ಮಾತ್ರ ಬಂದು ಹೋಗುವ ನಡುಕ ಹೆಚ್ಚಾಗಿ ಬ್ಯಾಲೆನ್ಸಿಂಗ್‌ನದ್ದು. ಚಕ್ರಕ್ಕೆ ಅಂಟಿಸಿದ ಸಣ್ಣ ತೂಕ ಬಿದ್ದುಹೋಗಿರಬಹುದು. ಬ್ರೇಕ್ ಹಾಕಿದಾಗ ಮಾತ್ರ ಬಂದರೆ ಡಿಸ್ಕ್. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದರೆ ಡ್ರೈವ್ ಶಾಫ್ಟ್ ಅಥವಾ ಎಂಜಿನ್ ಮೌಂಟಿಂಗ್.

ನೇರ ರಸ್ತೆಯಲ್ಲಿ ಹೋಗುವಾಗ ಸ್ಟೀರಿಂಗ್ ಓರೆ ನಿಂತರೆ ವೀಲ್ ಅಲೈನ್‌ಮೆಂಟ್ ಆಗಿಲ್ಲ, ಅಥವಾ ಸರಿಯಾಗಿ ಆಗಿಲ್ಲ. ಸಸ್ಪೆನ್ಷನ್, ಟೈ ರಾಡ್, ಸಬ್‌ಫ್ರೇಮ್ ಮುಟ್ಟಿದ ಕೆಲಸವಾದರೆ ಅಲೈನ್‌ಮೆಂಟ್ ಅದರ ಭಾಗವೇ. ಮೊದಲಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಕೇಳಿ. ಮೆಷಿನ್ ಅದನ್ನು ಕೊಡುತ್ತದೆ, ಇವರು ಕೊಡುವುದಿಲ್ಲ ಅಷ್ಟೇ. ಅಲೈನ್‌ಮೆಂಟ್ ಸರಿ ಇದ್ದೂ ಎಳೆದರೆ ಟೈರ್ ಗಾಳಿ ನೋಡಿ. ಆಮೇಲೆ ಮುಂದಿನ ಎರಡು ಟೈರುಗಳನ್ನು ಎಡಬಲ ಬದಲಿಸಿ ನೋಡಿಸಿ. ಎಳೆತದ ದಿಕ್ಕು ಬದಲಾದರೆ ತಪ್ಪು ಟೈರಿನದು. ಒಂದೇ ದಿಕ್ಕಿಗೆ ತಿರುಗಬೇಕಾದ ಟೈರುಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ.

ಸುಟ್ಟ ವಾಸನೆ, ಕೆಳಗೆ ಹನಿ. ಏನಿದು?

ಆಯಿಲ್ ಬದಲಿಸುವಾಗ ಸ್ವಲ್ಪ ಆಯಿಲ್ ಎಕ್ಸಾಸ್ಟ್ ಮೇಲೆ ಚೆಲ್ಲುವುದು ಮಾಮೂಲಿ. ಅದು ಉರಿದು ಕೆಲವು ಓಡಾಟದಲ್ಲಿ ವಾಸನೆ ಹೋಗುತ್ತದೆ. ಹೋಗದಿದ್ದರೆ, ಅಥವಾ ಹೊಗೆ ಕಂಡರೆ, ಸೋರುತ್ತಿದೆ.

ಕಾರಿನ ಕೆಳಗೆ ರಾತ್ರಿ ಒಂದು ರಟ್ಟು ಹಾಸಿ. ಎಸಿಯ ನೀರು ತಿಳಿಯಾಗಿರುತ್ತದೆ, ಅದಕ್ಕೆ ಹೆದರಬೇಡಿ. ಕಂದು ಅಥವಾ ಕಪ್ಪು ಹನಿ ಆಯಿಲ್. ಹಸಿರು, ಗುಲಾಬಿ, ಕಿತ್ತಳೆ ಅಥವಾ ನೀಲಿ ಬಣ್ಣದ, ಸಿಹಿ ವಾಸನೆಯ ಹನಿ ಕೂಲೆಂಟ್. ಅದನ್ನು ಮುಟ್ಟಿದ ಕೈ ತೊಳೆಯಿರಿ, ಮಕ್ಕಳು ಮತ್ತು ಸಾಕುಪ್ರಾಣಿಗಳು ಹತ್ತಿರ ಹೋಗದಂತೆ ನೋಡಿ. ವಿಷ ಅದು. ಚಕ್ರದ ಹತ್ತಿರದ ಜಿಡ್ಡಿನ ಹನಿ ಬ್ರೇಕ್ ಆಯಿಲ್ ಇರಬಹುದು, ಗಾಡಿ ತೆಗೆಯಬೇಡಿ.

ಆಯಿಲ್ ಸರ್ವೀಸ್ ನಂತರದ ಸೋರಿಕೆಗೆ ಕಾರಣ ಸಾಮಾನ್ಯವಾಗಿ ಡ್ರೈನ್ ಬೋಲ್ಟ್‌ನ ವಾಷರ್ ಅಥವಾ ಫಿಲ್ಟರ್. ಹಳೆಯ ಫಿಲ್ಟರ್‌ನ ರಬ್ಬರ್ ರಿಂಗ್ ಎಂಜಿನ್‌ಗೆ ಅಂಟಿಕೊಂಡು, ಅದರ ಮೇಲೆಯೇ ಹೊಸದನ್ನು ಕೂರಿಸಿದರೆ ಒತ್ತಡಕ್ಕೆ ಆಯಿಲ್ ಧಾರೆಯಾಗಿ ಹೊರಬರುತ್ತದೆ. ಹಾಗಾಗಿ ಸರ್ವೀಸ್ ಆದ ಮರುದಿನ ನೀವೇ ಡಿಪ್‌ಸ್ಟಿಕ್ ನೋಡಿ. ಸಮತಟ್ಟು ಜಾಗ, ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಡಿ. ಗುರುತಿಗಿಂತ ಕಡಿಮೆ ಇದ್ದರೆ ಎಲ್ಲರಿಗೂ ಗಾಬರಿ. ಜಾಸ್ತಿ ಇದ್ದರೂ ಗಾಬರಿ ಆಗಬೇಕು. ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆಗೆ ಎಂಜಿನ್ ಕಾಪಾಡುವ ಶಕ್ತಿ ಇಲ್ಲ.

ಕೂಲೆಂಟ್ ಬದಲಿಸಿದ ಮೇಲೆ ಎಂಜಿನ್ ಬಿಸಿ ಏರುತ್ತಿದೆ.

ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಡ್ಯಾಶ್‌ಬೋರ್ಡ್ ಒಳಗೆ ಗುಳುಗುಳು ಸದ್ದು, ಹೀಟರ್ ಹಾಕಿದರೆ ತಣ್ಣನೆ ಗಾಳಿ, ಮುಳ್ಳು ಏರುವುದು ಇಳಿಯುವುದು, ಇವು ಅದರ ಗುರುತು. ಗಾಳಿ ತೆಗೆಸಬೇಕು, ಅಂದರೆ ಬ್ಲೀಡ್ ಮಾಡಿಸಬೇಕು. ಎಂಜಿನ್ ಬಿಸಿ ಇದ್ದಾಗ ಕ್ಯಾಪ್ ಮಾತ್ರ ತೆಗೆಯಬೇಡಿ. ಒತ್ತಡದಲ್ಲಿರುವ ಕೂಲೆಂಟ್ ಮುಖಕ್ಕೆ ಚಿಮ್ಮುತ್ತದೆ.

ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ ಮೇಲೆ ಆಟೊಮ್ಯಾಟಿಕ್ ಗೇರ್ ಜರ್ಕ್ ಹೊಡೆಯುತ್ತಿದೆ.

ಗೇರ್‌ಬಾಕ್ಸ್ ನಿಮ್ಮ ಓಡಿಸುವ ರೀತಿ ನೋಡಿ ಕ್ಲಚ್ ಹಿಡಿಯುವ ಜಾಗವನ್ನು ತಿದ್ದಿಕೊಂಡಿರುತ್ತದೆ. ಅಪ್‌ಡೇಟ್ ಅದನ್ನು ಅಳಿಸಿರಬಹುದು. ಕೆಲವು ನೂರು ಕಿಲೋಮೀಟರ್ ಕೊಟ್ಟು ನೋಡಿ. ಗೇರ್ ಆಯಿಲ್ ಬದಲಿಸಿದ್ದರೆ ಮಾತ್ರ ಕಾಯದೆ ಮಟ್ಟ ನೋಡಿಸಿ. ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಆಯಿಲ್ ಒಂದು ನಿರ್ದಿಷ್ಟ ಬಿಸಿಗೆ ಬಂದಾಗಲೇ ಮಟ್ಟ ನೋಡಬೇಕು. ತಣ್ಣಗಿದ್ದಾಗ ನೋಡಿದ್ದರೆ ಲೆಕ್ಕ ತಪ್ಪುತ್ತದೆ.

ಸೀಟು ಬಿಚ್ಚಿದ್ದರು. ಈಗ ಏರ್‌ಬ್ಯಾಗ್ ದೀಪ ಆರುತ್ತಿಲ್ಲ.

ಸೀಟಿನ ಕೆಳಗೆ ಕನೆಕ್ಟರ್ ಇರುತ್ತದೆ, ಸಾಮಾನ್ಯವಾಗಿ ಹಳದಿ ಬಣ್ಣದ್ದು. ಅದು ಸಡಿಲ ಇರಬಹುದು. ನೀವು ಕೈ ಹಾಕಬೇಡಿ. ದೀಪ ಹತ್ತಿರುವವರೆಗೆ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯುತ್ತದೆ ಎಂಬ ಖಾತರಿ ಇಲ್ಲ. "ಸೆನ್ಸರ್ ಅಷ್ಟೇ, ಮುಂದಿನ ಸರ್ವೀಸ್‌ಗೆ ನೋಡೋಣ" ಎಂಬ ಮಾತಿಗೆ ತಲೆಯಾಡಿಸಬೇಡಿ.

ಎಲೆಕ್ಟ್ರಿಕ್, ಹೈಬ್ರಿಡ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳಿಗೂ ಕೈ ಹಾಕದ ನಿಯಮವೇ, ಇನ್ನೂ ಕಟ್ಟುನಿಟ್ಟಾಗಿ. ಅವುಗಳಲ್ಲಿ ನೂರಾರು ವೋಲ್ಟ್ ಹರಿಯುತ್ತದೆ.

ಮುಂದಿನ ಗಾಜು ಬದಲಿಸಿದ ಮೇಲೆ ಲೇನ್ ಎಚ್ಚರಿಕೆ, ತಾನೇ ಬ್ರೇಕ್ ಹಾಕುವ ವ್ಯವಸ್ಥೆ ವಿಚಿತ್ರವಾಗಿ ವರ್ತಿಸುತ್ತಿವೆ.

ಕ್ಯಾಮೆರಾ ಕೂತಿರುವುದು ಆ ಗಾಜಿನ ಹಿಂದೆಯೇ. ಗಾಜು ಬದಲಿಸಿದರೆ ಹೆಚ್ಚಿನ ಕಾರುಗಳಲ್ಲಿ ಕ್ಯಾಮೆರಾಗೆ ಮತ್ತೆ ಕ್ಯಾಲಿಬ್ರೇಷನ್ ಮಾಡಬೇಕು. ಮುಂದಿನ ಬಂಪರ್ ಬಿಚ್ಚಿದರೆ ರೇಡಾರ್‌ಗೂ ಬೇಕಾಗಬಹುದು. ಕೆಲವಕ್ಕೆ ಎದುರಿಗೆ ಅಳತೆಯ ಬೋರ್ಡ್ ನಿಲ್ಲಿಸಿ ಮಾಡುತ್ತಾರೆ, ಕೆಲವಕ್ಕೆ ರಸ್ತೆಯಲ್ಲಿ ಓಡಿಸಿ, ಕೆಲವಕ್ಕೆ ಎರಡೂ. ಕೋನ ಒಂದು ಡಿಗ್ರಿ ತಪ್ಪಿದರೂ 50 ಮೀಟರ್ ದೂರದಲ್ಲಿ ಸುಮಾರು 90 ಸೆಂಟಿಮೀಟರ್ ಆಚೀಚೆ ಕಾಣುತ್ತದೆ. ಎದುರಿನ ಗಾಡಿ ಯಾವ ಲೇನಿನಲ್ಲಿದೆ ಎಂದು ತಪ್ಪು ತಿಳಿಯಲು ಅಷ್ಟು ಸಾಕು. ದೀಪ ಹತ್ತಿಲ್ಲ ಎಂದ ಮಾತ್ರಕ್ಕೆ ಕ್ಯಾಲಿಬ್ರೇಷನ್ ಆಗಿದೆ ಎಂದಲ್ಲ. ಅದರ ವರದಿ ಕೇಳಿ ಪಡೆಯಿರಿ. ಸಿಗುವವರೆಗೆ ಆ ಸೌಲಭ್ಯಗಳನ್ನು ನಂಬಿ ಓಡಿಸಬೇಡಿ.

ಗಾಳಿಯ ಸಿಳ್ಳೆ ಅಥವಾ ಮಳೆಯಲ್ಲಿ ಒಳಗೆ ನೀರು ಬಂದರೆ ಅಂಟು ಎಲ್ಲೋ ತಪ್ಪಿದೆ. ಗಾಜಿನ ಸುತ್ತ ನೀರು ಬಿಟ್ಟು ಅವರ ಎದುರೇ ತೋರಿಸಿ. ಮ್ಯಾಟ್ ಕೆಳಗಿನ ಒದ್ದೆಯನ್ನು ಹಾಗೇ ಬಿಟ್ಟರೆ ಅಲ್ಲಿರುವ ವೈರಿಂಗ್ ತುಕ್ಕು ಹಿಡಿದು ಇನ್ನೊಂದು ಸಾಲು ತೊಂದರೆ ಶುರುವಾಗುತ್ತದೆ.

ಪೇಂಟ್ ಕೆಲಸ ಸರಿ ಬಂದಿಲ್ಲ. ಏನು ನೋಡಬೇಕು?

ಹಗಲು ಬೆಳಕಿನಲ್ಲಿ ನೋಡಿ, ಟ್ಯೂಬ್‌ಲೈಟ್ ಕೆಳಗೆ ಬೇಡ. ಬಾಗಿಲು, ಬಾನೆಟ್ ಸಂದುಗಳು ಎರಡೂ ಬದಿ ಒಂದೇ ಅಗಲ ಇರಬೇಕು. ರಬ್ಬರ್ ಬೀಡಿಂಗ್ ಮತ್ತು ಗಾಜಿನ ಅಂಚಿನಲ್ಲಿ ಪೇಂಟ್ ದೂಳು ಇರಬಾರದು. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಮೀಟರ್ ಇಟ್ಟಾಗ ಒಂದು ಜಾಗದಲ್ಲಿ ಮಾತ್ರ ನೂರಾರು ಮೈಕ್ರಾನ್ ಜಾಸ್ತಿ ತೋರಿಸಿದರೆ ಕೆಳಗೆ ಪುಟ್ಟಿ ಇದೆ. ಪುಟ್ಟಿ ಹಾಕುವುದು ತಪ್ಪಲ್ಲ. ಹೊಸ ಬಾಗಿಲಿಗೆ ಬಿಲ್ ಮಾಡಿ ಹಳೆಯದಕ್ಕೆ ಪುಟ್ಟಿ ಮೆತ್ತುವುದು ತಪ್ಪು.

"ಟೆಸ್ಟ್ ಡ್ರೈವ್ ಮಾಡಿದೆವು, ಏನೂ ಇಲ್ಲ" ಅನ್ನುತ್ತಾರೆ. ಏನು ಮಾಡುವುದು?

ಹೆಚ್ಚಿನ ಸಲ ಅವರು ಸುಳ್ಳು ಹೇಳುತ್ತಿರುವುದಿಲ್ಲ. ನಿಮಗೆ ಸದ್ದು ಬರುವುದು ಬೆಳಿಗ್ಗೆ ತಣ್ಣನೆ ಎಂಜಿನ್‌ನಲ್ಲಿ, ಅವರು ಓಡಿಸುವುದು ಮಧ್ಯಾಹ್ನ ಬಿಸಿ ಎಂಜಿನ್‌ನಲ್ಲಿ. ಆಗ ಹೇಗೆ ಸಿಗಬೇಕು?

"ಏನೋ ಸದ್ದು ಬರುತ್ತದೆ" ಎಂದು ಬರೆಸಿದರೆ "ಸದ್ದು ಕಂಡುಬರಲಿಲ್ಲ" ಎಂದೇ ಉತ್ತರ ಬರುತ್ತದೆ. ಅದರ ಬದಲು ಹೀಗೆ ಬರೆಸಿ: "ರಾತ್ರಿ ನಿಂತ ಮೇಲೆ ಬೆಳಿಗ್ಗೆ ಮೊದಲ ಐದು ನಿಮಿಷ, ಎಡಕ್ಕೆ ತಿರುಗಿಸುವಾಗ, 20 ಕಿಲೋಮೀಟರ್ ವೇಗದಲ್ಲಿ, ಮುಂದಿನ ಎಡ ಚಕ್ರದ ಕಡೆಯಿಂದ ಕಟಕಟ ಸದ್ದು. ಕಳೆದ ರಿಪೇರಿಗೆ ಮೊದಲು ಇರಲಿಲ್ಲ." ಕೊನೆಯ ವಾಕ್ಯ ಬಿಡಬೇಡಿ. ಕಾರಣ ಏನಿರಬಹುದು ಎಂಬ ನಿಮ್ಮ ಊಹೆ ಮಾತ್ರ ಬರೆಸಬೇಡಿ. "ಬೇರಿಂಗ್ ಹೋಗಿದೆ" ಎಂದು ನೀವೇ ಬರೆಸಿದರೆ ಬೇರಿಂಗ್ ಬದಲಿಸಿ ಬಿಲ್ ಕೊಡುತ್ತಾರೆ, ಸದ್ದು ಹಾಗೇ ಉಳಿಯುತ್ತದೆ.

ಸರ್ವೀಸ್ ಅಡ್ವೈಸರ್ ಬದಲು ಕೆಲಸ ಮಾಡುವ ಮೆಕ್ಯಾನಿಕ್ ಜೊತೆ ಕೂತು ಓಡಿಸಲು ಕೇಳಿ. ಬೆಳಗಿನ ತೊಂದರೆಯಾದರೆ ಕಾರನ್ನು ಹಿಂದಿನ ರಾತ್ರಿಯೇ ಬಿಡಿ. ಸದ್ದು ಸಿಗದೆ ಹೋದರೂ ಜಾಬ್ ಕಾರ್ಡ್ ಮಾಡಿಸಿ ಪ್ರತಿ ತೆಗೆದುಕೊಳ್ಳಿ. ಕಾಗದದಲ್ಲಿ ಇಲ್ಲದ ಭೇಟಿ ಆಗಿಯೇ ಇಲ್ಲದ ಲೆಕ್ಕ.

ಹೊಸ ತೊಂದರೆಗೆ ಮತ್ತೆ ದುಡ್ಡು ಕೇಳುತ್ತಿದ್ದಾರೆ.

ಅವರ ಕೆಲಸದಿಂದಲೇ ಆಗಿದ್ದರೆ ಕೊಡಬೇಕಿಲ್ಲ. ಮೊದಲು ಪರೀಕ್ಷೆಗೆ ಒಪ್ಪುವಾಗಲೇ ಮಾತಾಡಿಕೊಳ್ಳಿ: ಕಾರಣ ಅವರದ್ದಾದರೆ ಪರೀಕ್ಷೆಯ ಚಾರ್ಜ್ ಇಲ್ಲ, ಬೇರೆಯದಾದರೆ ಕೊಡುತ್ತೇನೆ. ಇದು ಇಬ್ಬರಿಗೂ ನ್ಯಾಯ. ಬದಲಿಸುವ ಹಳೆಯ ಭಾಗವನ್ನು ತೋರಿಸಲು ಕೇಳಿ. ವಾರಂಟಿಯಲ್ಲಿ ಬದಲಿಸಿದ್ದನ್ನು ಕಂಪನಿಗೆ ವಾಪಸ್ ಕಳಿಸಬೇಕಿರುತ್ತದೆ, ಕೈಗೆ ಕೊಡಲು ಆಗದು. ನೋಡಲು, ಫೋಟೋ ತೆಗೆಯಲು ಅಡ್ಡಿಯಿಲ್ಲ. ಯಾರ ಲೆಕ್ಕ ಎಂದು ತೀರ್ಮಾನ ಆಗದೆಯೇ ಕಾರು ತುರ್ತಾಗಿ ಬೇಕಿದ್ದರೆ, "ಆಕ್ಷೇಪಣೆ ಉಳಿಸಿಕೊಂಡು ಪಾವತಿಸಿದ್ದೇನೆ" ಎಂದು ಬಿಲ್ ಮೇಲೆ ಬರೆದು ಸಹಿ ಮಾಡಿ.

ಹೊರಗಿನ ಗ್ಯಾರೇಜಿನಲ್ಲಿ ತೋರಿಸಬಹುದೇ?

ತೋರಿಸಿ, ಬಿಚ್ಚಿಸಬೇಡಿ. ಹೊರಗಿನವರು ಬೋಲ್ಟ್ ತೆಗೆದ ಗಳಿಗೆಯಿಂದ "ಅವರು ಮುಟ್ಟಿದ್ದಾರೆ" ಎಂಬ ಉತ್ತರ ಡೀಲರ್ ಕೈಗೆ ಸಿಗುತ್ತದೆ. ನಿಮ್ಮ ಗುರುತಿನ ಮೆಕ್ಯಾನಿಕ್ ಮೇಲಿಂದ ನೋಡಿ, ಫೋಟೋ ತೆಗೆದು, ಏನು ಕಂಡಿತು ಎಂದು ತನ್ನ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರೆ ಅದು ಒಳ್ಳೆಯ ಬಲ. ಡೀಲರ್‌ಗೆ ಸರಿಪಡಿಸಲು ಅವಕಾಶ ಕೊಟ್ಟು, ಅವರು ಒಪ್ಪದಿದ್ದ ಮೇಲೆ ಬೇರೆ ಕಡೆ ಮಾಡಿಸಿದರೆ ಖರ್ಚು ಕೇಳುವುದು ಸುಲಭ.

ಮೂರನೇ ಸಲವೂ ಅದೇ ತೊಂದರೆ. ಇನ್ನು ಯಾರನ್ನು ಕೇಳಬೇಕು?

ಡೀಲರ್ ಬೇರೆ, ಕಾರು ಮಾಡಿದ ಕಂಪನಿ ಬೇರೆ. ಹೆಚ್ಚಿನ ಕಡೆ ಡೀಲರ್ ಸ್ವಂತ ವ್ಯಾಪಾರಸ್ಥ. ಭಾಗದಲ್ಲಿ ದೋಷವಿದ್ದರೆ ಕಂಪನಿಯ ವಾರಂಟಿ, ಜೋಡಿಸಿದ್ದರಲ್ಲಿ ದೋಷವಿದ್ದರೆ ಡೀಲರ್‌ನ ಹೊಣೆ. ಈ ಗೆರೆ ಗೊತ್ತಿಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾ ನಿಮ್ಮನ್ನು ಓಡಾಡಿಸುತ್ತಾರೆ.

ಅಡ್ವೈಸರ್ ದಾಟಿ ಸರ್ವೀಸ್ ಮ್ಯಾನೇಜರ್ ಹತ್ತಿರ ಹೋಗಿ. ಅಲ್ಲಿ ಆಗದಿದ್ದರೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಬರೆದು ದೂರಿನ ಸಂಖ್ಯೆ ಪಡೆಯಿರಿ. ಕಂಪನಿಯ ತಾಂತ್ರಿಕ ಎಂಜಿನಿಯರ್ ಬಂದು ನೋಡಲಿ ಎಂದು ಕೇಳಿ. ಅಂಥವರು ಇರುತ್ತಾರೆ, ಕೇಳದೆ ಬರುವುದಿಲ್ಲ. ಅದೇ ತೊಂದರೆಗೆ ಕಂಪನಿ ಡೀಲರ್‌ಗಳಿಗೆ ಸರ್ವೀಸ್ ಬುಲೆಟಿನ್ (ಗೊತ್ತಿರುವ ತೊಂದರೆಯನ್ನು ಸರಿಪಡಿಸುವ ಸೂಚನೆ) ಕಳಿಸಿದೆಯೇ ಎಂದೂ ಕೇಳಿ. 17 ಅಕ್ಷರಗಳ ಚಾಸಿಸ್ ಸಂಖ್ಯೆ ಹಾಕಿ ರಿಕಾಲ್ ಇದೆಯೇ, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಕಾರುಗಳನ್ನು ವಾಪಸ್ ಕರೆದಿದೆಯೇ, ನೋಡಿ. ಬೇರೆ ಡೀಲರ್ ಹತ್ತಿರ ಹೋಗುವುದೂ ಒಂದು ದಾರಿ. ಕಂಪನಿಯ ವಾರಂಟಿ ಅಲ್ಲೂ ನಡೆಯುತ್ತದೆ.

ಕಾರು ಹೊಸದಾಗಿದ್ದು ಅದೇ ದೋಷ ಮರುಕಳಿಸುತ್ತಿದ್ದರೆ, ಕಾರು ಬದಲಿಸಿ ಕೊಡಲು ಅಥವಾ ಹಣ ವಾಪಸ್ ಕೇಳಲು ಎಷ್ಟೋ ದೇಶಗಳ ಗ್ರಾಹಕ ಕಾನೂನಿನಲ್ಲಿ ದಾರಿ ಇದೆ. ಎಷ್ಟು ಸಲ, ಎಷ್ಟು ದಿನದೊಳಗೆ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಎಲ್ಲಿ ಹೋದರೂ ಕೇಳುವುದು ಒಂದೇ: ಪ್ರತಿ ಭೇಟಿಯ ಜಾಬ್ ಕಾರ್ಡ್, ಅದರ ಮೇಲೆ ಒಂದೇ ದೂರು ಒಂದೇ ಮಾತಿನಲ್ಲಿ, ಕಾರು ಎಷ್ಟು ದಿನ ಅವರ ಹತ್ತಿರವೇ ಇತ್ತು ಎಂಬ ಲೆಕ್ಕ.

ಕಾರು ವಾಪಸ್ ತೆಗೆದುಕೊಳ್ಳುವಾಗಲೇ ಏನೇನು ನೋಡಬೇಕು?

ಬಿಡುವಾಗಲೇ ಶುರು ಮಾಡಿ. ಸುತ್ತ ಒಂದು ವಿಡಿಯೊ, ಮೀಟರ್‌ನ ಒಂದು ಫೋಟೋ. ಕಿಲೋಮೀಟರ್, ಪೆಟ್ರೋಲ್ ಮಟ್ಟ, ಗೀರುಗಳ ವಾದ ಅಲ್ಲಿಗೇ ಮುಗಿಯುತ್ತದೆ.

ತೆಗೆದುಕೊಳ್ಳುವಾಗ ಹಣ ಕಟ್ಟುವ ಮೊದಲೇ ಅಡ್ವೈಸರ್ ಜೊತೆ ಹತ್ತು ನಿಮಿಷ ಓಡಿಸಿ. ಕೀ ತಿರುಗಿಸಿದಾಗ ಎಲ್ಲ ಎಚ್ಚರಿಕೆ ದೀಪಗಳೂ ಒಮ್ಮೆ ಹತ್ತಿ, ಎಂಜಿನ್ ಶುರುವಾದ ಮೇಲೆ ಆರಬೇಕು. ಹತ್ತದೇ ಇರುವ ದೀಪವೂ ಅನುಮಾನವೇ. ಕಿಟಕಿ, ಎಸಿ, ರಿವರ್ಸ್ ಕ್ಯಾಮೆರಾ, ಹಾರ್ನ್ ಒಂದೊಂದು ಸಲ. ಬಾನೆಟ್ ತೆರೆದು ಮರೆತ ಬಟ್ಟೆ, ಸ್ಪ್ಯಾನರ್, ಹಾಕದ ಆಯಿಲ್ ಕ್ಯಾಪ್ ನೋಡಿ. ನಗಬೇಡಿ, ಕ್ಯಾಪ್ ಮರೆಯುವುದು ಅಪರೂಪವೇನಲ್ಲ. ಚಕ್ರಕ್ಕೆ ಲಾಕ್ ನಟ್ ಇದ್ದರೆ ಅದರ ಕೀ ಡಿಕ್ಕಿಗೆ ವಾಪಸ್ ಬಂದಿದೆಯೇ ಕೇಳಿ. ಅದು ಅವರ ಟೂಲ್ ಟ್ರೇಯಲ್ಲೇ ಉಳಿದಿದ್ದರೆ ನಿಮಗೆ ಗೊತ್ತಾಗುವುದು ಪಂಚರ್ ಆದ ದಿನವೇ.